ನಾಟಿ ಕೋಳಿಯನ್ನು ಕಾವಿಗೆ ಕೂರಿಸಿ ಮರಿ ಉಳಿಸಿಕೊಳ್ಳುವ ಬಗೆ

ಮೊಟ್ಟೆ ಮರಿಯಾಗೋಕೆ 21 ದಿನ ಬೇಕು. ಆ ಕೆಲಸ ಕೋಳಿಯದು, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಮರಿ ಹೊರಗೆ ಬಂದ ಮೇಲಿನ ಆರು ವಾರ ಇದೆಯಲ್ಲ, ಅದು ಸಾಕುವವರ ಕೆಲಸ. ನಮ್ಮ ಮಂಡ್ಯ, ಮೈಸೂರು ಕಡೆ ಸುಮಾರು ಜನ ಇದನ್ನು ಉಲ್ಟಾ ಮಾಡುತ್ತಾರೆ. ಕಾವು ಕೂತ ಕೋಳಿಯನ್ನು ದಿನಕ್ಕೆ ನಾಲ್ಕು ಸಲ ಎತ್ತಿ ನೋಡುತ್ತಾರೆ. ಮೊಟ್ಟೆ ಅಲ್ಲಾಡಿಸುತ್ತಾರೆ. ಸಿಪ್ಪೆ ಬಿಡಿಸೋಕೂ ಕೈ ಹಾಕುತ್ತಾರೆ. ಆದರೆ ಮರಿ ಆದ ಮರುದಿನವೇ ತಾಯಿ ಜೊತೆ ತಿಪ್ಪೆ ಕಡೆ ಬಿಟ್ಟು ಸುಮ್ಮನಾಗುತ್ತಾರೆ. ಹತ್ತು ಮೊಟ್ಟೆಗೆ ಏಳೆಂಟು ಮರಿ ಬಂದಿರುತ್ತವೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಎರಡೋ ಮೂರೋ ಉಳಿದಿರುತ್ತವೆ.

ಹಾಗಾಗಿ ಇಲ್ಲಿ ಕಾವಿನ ಬಗ್ಗೆ ಎಷ್ಟು ಬೇಕೋ ಅಷ್ಟು ಹೇಳಿ, ಮರಿ ಉಳಿಸಿಕೊಳ್ಳುವುದರ ಬಗ್ಗೆ ಜಾಸ್ತಿ ಹೇಳುತ್ತೇನೆ.

ಯಾವಾಗ ಕೂರಿಸಬೇಕು

ದಸರಾ ಮುಗಿದ ಮೇಲಿಂದ ಸಂಕ್ರಾಂತಿವರೆಗೆ ನಮ್ಮ ಕಡೆಗೆ ಒಳ್ಳೆಯ ಕಾಲ. ಮಳೆ ಕಮ್ಮಿಯಾಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಭತ್ತ, ರಾಗಿ ಕಟಾವು ನಡೆಯುತ್ತಿರುತ್ತದೆ. ಕಣದ ಸುತ್ತ ಉದುರಿದ ಕಾಳು, ಹುಳ ಹುಪ್ಪಟೆ ಧಾರಾಳವಾಗಿ ಸಿಗುತ್ತವೆ. ಮೇವಿನ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಅಕ್ಟೋಬರ್‌ನಲ್ಲಿ ಕೂರಿಸಿದರೆ ನವೆಂಬರ್ ಹೊತ್ತಿಗೆ ಮರಿ. ಯುಗಾದಿಗೆ ನಾಲ್ಕೂವರೆ, ಐದು ತಿಂಗಳ ಹುಂಜ. ಹಬ್ಬದ ಮರುದಿನ ಹೊಸತೊಡಕಿಗೆ ನಾಟಿ ಕೋಳಿ ಹುಡುಕಿಕೊಂಡು ಬೈಕ್‌ನಲ್ಲಿ ಊರೂರು ಸುತ್ತುವವರು ಎಷ್ಟು ಜನ ಅಂತ ನಿಮಗೂ ಗೊತ್ತು. ಆ ದಿನದ ಬೆಲೆ ಬೇರೆ ದಿನ ಸಿಗುವುದಿಲ್ಲ. ಪಿತೃಪಕ್ಷಕ್ಕೂ ಕೋಳಿಗೆ ಬೇಡಿಕೆ ಇದೆ. ಆದರೆ ಅದಕ್ಕೆ ಬೆಳೆಸಬೇಕು ಅಂದರೆ ಬೇಸಿಗೆಯಲ್ಲೇ ಕಾವಿಗೆ ಕೂರಿಸಬೇಕಾಗುತ್ತದೆ, ಅದು ಕಷ್ಟ.

ಮಾರ್ಚ್‌ನಿಂದ ಮೇವರೆಗೆ ಯಾಕೆ ಬೇಡ? ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಕೂಡಿಟ್ಟ ಮೊಟ್ಟೆ ಕಾವಿಗೆ ಇಡುವ ಮೊದಲೇ ಅರೆಬರೆ ಬೆಳೆಯೋಕೆ ಶುರುವಾಗಿ ಸಾಯುತ್ತದೆ. ಕೋಳಿಗೂ ಸೆಕೆ ತಡೆಯುವುದಿಲ್ಲ, ಗೂಡು ಬಿಟ್ಟು ಎದ್ದು ಹೋಗುತ್ತದೆ. ಕೋಳಿಗಳನ್ನು ಗುಂಪುಗಟ್ಟಲೆ ಕೊಲ್ಲುವ ಕೊಕ್ಕರೆ ರೋಗದ ಕಾಟವೂ ಬೇಸಿಗೆಯಲ್ಲೇ ಜಾಸ್ತಿ. ಬೇರೆ ದಾರಿ ಇಲ್ಲ, ಬೇಸಿಗೆಯಲ್ಲೇ ಕೂರಿಸಬೇಕು ಅಂದರೆ ಹೆಂಚಿನ ಮನೆಯ ತಂಪಾದ ಮೂಲೆ ಹುಡುಕಿ. ಶೀಟಿನ ಮನೆಯಲ್ಲಂತೂ ಬೇಡವೇ ಬೇಡ.

ಯಾವ ಕೋಳಿ ಕೂರುತ್ತದೆ

ಊರ ನಾಟಿ ಹೇಟೆಗೆ ಸಮ ಇಲ್ಲ. ಹನ್ನೆರಡು, ಹದಿನೈದು ಮೊಟ್ಟೆ ಇಟ್ಟ ಮೇಲೆ ತಾನಾಗಿಯೇ ಕಾವಿಗೆ ಬರುತ್ತದೆ. ಅಸೀಲ್ ಕೋಳಿಗಳೂ ಒಳ್ಳೆ ತಾಯಂದಿರೇ, ಮರಿ ಹತ್ತಿರ ನಾಯಿ ಬಂದರೂ ಬಿಡುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳು ಮೊಟ್ಟೆ ಜಾಸ್ತಿ ಕೊಡುತ್ತವೆ, ಆದರೆ ಅವುಗಳನ್ನು ನಂಬಿ ಕಾವಿಗೆ ಕೂರಿಸೋಕೆ ಆಗುವುದಿಲ್ಲ. ಕಾವು ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಅದಕ್ಕೇ ಮೊಟ್ಟೆಗಾಗಿ ತಳಿ ಮಾಡುವಾಗ ಈ ಗುಣ ಹಿಂದೆ ಸರಿಯುತ್ತದೆ. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್ ಕೂಡ ಕಾವು ಕೂರುವುದು ಅಪರೂಪ. ಕಡಕ್‌ನಾಥ್ ತಂದವರು ಅದರ ಮೊಟ್ಟೆಯನ್ನು ನಾಟಿ ಹೇಟೆಯ ಕೆಳಗೆ ಇಟ್ಟೇ ಮರಿ ಮಾಡಿಸಬೇಕು.

ಕೋಳಿ ನಿಜವಾಗಿ ಕಾವಿಗೆ ಬಂದಿದೆಯೋ, ಸುಮ್ನೆ ಮೊಟ್ಟೆ ಇಡೋಕೆ ಕೂತಿದೆಯೋ ಅಂತ ತಿಳಿಯುವುದು ಸುಲಭ. ಮೊಟ್ಟೆ ಇಡುವ ಕೋಳಿ ಒಂದೆರಡು ಗಂಟೆಯಲ್ಲಿ ಕೊಕ್ಕೊಕ್ಕೋ ಅಂತ ಊರಿಗೆಲ್ಲ ಸಾರಿ ಎದ್ದು ಹೋಗುತ್ತದೆ. ಕಾವು ಕೋಳಿ ರಾತ್ರಿಯೂ ಅಲ್ಲೇ ಇರುತ್ತದೆ. ಹತ್ತಿರ ಹೋದರೆ ಮೈ ಉಬ್ಬಿಸಿ, ಪುಕ್ಕ ನಿಗುರಿಸಿ ಕೊರ್ ಅನ್ನುತ್ತದೆ. ಕೈ ಹಾಕಿದರೆ ಕುಕ್ಕುತ್ತದೆ. ಎದೆಯ ಪುಕ್ಕ ಉದುರಿ ಬರಿ ಚರ್ಮ ಕಾಣುತ್ತದೆ. ಆ ಬರಿ ಚರ್ಮದಿಂದಲೇ ಮೊಟ್ಟೆಗೆ ಶಾಖ ಹೋಗುವುದು.

ಆದರೂ ಮೊದಲ ದಿನವೇ ಒಳ್ಳೆಯ ಮೊಟ್ಟೆ ಕೊಡಬೇಡಿ. ಅಂಗಡಿಯ ಎರಡು ಫಾರಂ ಮೊಟ್ಟೆ ಇಟ್ಟು ಎರಡು ಮೂರು ರಾತ್ರಿ ನೋಡಿ. ಏಳದೆ ಕೂತರೆ ಆಮೇಲೆ ಮುಂದಿನ ಕೆಲಸ. ಮೊದಲ ಸಲ ಮೊಟ್ಟೆ ಇಟ್ಟ ಎಳೆ ಹೇಟೆ ಅರ್ಧಕ್ಕೆ ಎದ್ದು ಹೋಗುವ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಒಂದು ಸಲ ಮರಿ ಮಾಡಿದ ಹಳೇ ಹೇಟೆ ಇದ್ದರೆ ಅದಕ್ಕೇ ಕೊಡಿ. ನನ್ನ ಕೇಳಿದರೆ ಅಂಥ ಹೇಟೆಯನ್ನು ಯಾವ ಬೆಲೆಗೂ ಮಾರಬಾರದು.

ಮೊಟ್ಟೆ ಆರಿಸುವುದು

ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಮರಿಯಾಗುವುದಿಲ್ಲ. ಅಲ್ಲಿ ಹುಂಜವೇ ಇರುವುದಿಲ್ಲ. ಹುಂಜದ ಜೊತೆ ಓಡಾಡಿದ ಹೇಟೆಯ ಮೊಟ್ಟೆಯೇ ಬೇಕು. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಹುಂಜ ಮಾರಿದ ಮೇಲೂ ಸುಮಾರು ಒಂದು ವಾರ, ಹತ್ತು ದಿನ ಮರಿಯಾಗುವ ಮೊಟ್ಟೆ ಬರುತ್ತವೆ. ಆಮೇಲೆ ನಂಬಬೇಡಿ.

ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಬಾರದು. ಹತ್ತು ದಿನದ್ದೂ ಮರಿಯಾಗಬಹುದು, ಆದರೆ ಒಂದೊಂದು ದಿನಕ್ಕೂ ಲೆಕ್ಕ ಇಳಿಯುತ್ತಾ ಹೋಗುತ್ತದೆ. ಫ್ರಿಜ್ ಬೇಡ. ಚೂಪು ತುದಿ ಕೆಳಗೆ ಮಾಡಿ, ಮನೆಯ ಅತಿ ತಂಪಾದ ಜಾಗದಲ್ಲಿ ಇಡಿ. ಹಳೇ ಕಾಲದವರು ರಾಗಿಯಲ್ಲಿ ಹೂತಿಡುತ್ತಿದ್ದರು. ಅದು ಈಗಲೂ ಒಳ್ಳೆ ಉಪಾಯ. ನೀರಿನ ಮಡಕೆಯ ಪಕ್ಕ ಒಂದು ಸಣ್ಣ ಕುಡಿಕೆಯಲ್ಲಿ ರಾಗಿ ತುಂಬಿ ಅದರಲ್ಲಿ ಮೊಟ್ಟೆ ನಿಲ್ಲಿಸಿದರೆ ಇನ್ನೂ ತಂಪು.

ತೀರಾ ಸಣ್ಣದು, ತೀರಾ ದೊಡ್ಡದು, ಸೊಟ್ಟಗಿರುವುದು, ಬಿರುಕು ಬಿಟ್ಟದ್ದು, ಸಿಪ್ಪೆ ಮರಳು ಮರಳಾಗಿರುವುದು ಎಲ್ಲ ಅಡುಗೆಮನೆಗೆ ಹೋಗಲಿ. ಮೊಟ್ಟೆ ತೊಳೆಯಬೇಡಿ. ಸಿಪ್ಪೆ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪದರ ಇರುತ್ತದೆ, ಅದು ಹೋದರೆ ಕೊಳೆ ಒಳಗೆ ಇಳಿಯುತ್ತದೆ. ಒಣಗಿದ ಗಲೀಜು ಸ್ವಲ್ಪ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಅಷ್ಟೆ.

ಎಷ್ಟು ಮೊಟ್ಟೆ ಇಡಬೇಕು? ನಾಟಿ ಹೇಟೆಗೆ ಹತ್ತು, ಹೆಚ್ಚೆಂದರೆ ಹನ್ನೆರಡು. ಗಿರಿರಾಜದಂಥ ದೊಡ್ಡ ಮೊಟ್ಟೆಯಾದರೆ ಏಳೆಂಟು ಸಾಕು. ಎಲ್ಲ ಮೊಟ್ಟೆಯೂ ರೆಕ್ಕೆಯ ಒಳಗೆ ಮುಚ್ಚಿಹೋಗಬೇಕು. ಒಂದು ಹೊರಗೆ ಕಂಡರೂ ಜಾಸ್ತಿಯಾಯಿತು ಅಂತಲೇ ಅರ್ಥ. ಕೋಳಿ ಮೊಟ್ಟೆಗಳನ್ನು ದಿನಾ ಅದಲು ಬದಲು ಮಾಡುತ್ತಿರುತ್ತದೆ. ಹಾಗಾಗಿ ಇವತ್ತು ಹೊರಗೆ ಉಳಿದು ತಣ್ಣಗಾದದ್ದು ನಾಳೆ ಒಳಗೆ ಹೋಗಿ, ಬೇರೆಯದು ಹೊರಗೆ ಬಂದು ತಣ್ಣಗಾಗುತ್ತದೆ. ಕೊನೆಗೆ ಹದಿನೈದರಲ್ಲಿ ಐದೂ ಬರುವುದಿಲ್ಲ. ಒಂಬತ್ತು, ಹನ್ನೊಂದು ಅಂತ ಬೆಸ ಸಂಖ್ಯೆಯಲ್ಲೇ ಇಡಬೇಕು ಅನ್ನುವವರಿದ್ದಾರೆ. ಇಡಿ, ನಷ್ಟವೇನಿಲ್ಲ. ಅಮಾವಾಸ್ಯೆ ಬೇಡ ಅಂದರೆ ಒಂದು ದಿನ ತಡವಾಗಿ ಇಡಿ. ಮನೆಯ ಹಿರಿಯರ ಜೊತೆ ಇದಕ್ಕೆಲ್ಲ ಜಗಳ ಯಾಕೆ?

ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲ್‌ನಲ್ಲಿ ಒಂದು ಗೆರೆ ಹಾಕಿ. ಇದನ್ನು ಮಾತ್ರ ಮರೆಯಬೇಡಿ. ಬೇರೆ ಹೇಟೆಗಳು ಕಾವು ಕೋಳಿ ಎದ್ದಾಗ ಬಂದು ಅದೇ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಗುರುತಿಲ್ಲದಿದ್ದರೆ ಯಾವುದು ಹೊಸದು ಅಂತ ಗೊತ್ತಾಗುವುದಿಲ್ಲ. ಮೊದಲ ಮರಿಗಳು ಹೊರಬಂದ ಮೇಲೆ ತಾಯಿ ಗೂಡು ಬಿಟ್ಟು ಏಳುತ್ತದೆ, ಅರ್ಧ ಬೆಳೆದ ಉಳಿದ ಮೊಟ್ಟೆಗಳು ಹಾಳಾಗುತ್ತವೆ.

ಗೂಡು

ಒಂದೂವರೆ ಅಡಿ ಅಗಲದ ಬಿದಿರಿನ ಮಂಕರಿ ಸಾಕು. ತಳಕ್ಕೆ ಮೂರು ಬೆರಳಷ್ಟು ಮಣ್ಣೋ ಮರಳೋ ಹಾಕಿ, ಮಧ್ಯೆ ಸ್ವಲ್ಪ ತಗ್ಗು ಮಾಡಿ. ಅದರ ಮೇಲೆ ಒಣಗಿದ ಭತ್ತದ ಹುಲ್ಲು ಹಿಂಡಿ ಮೆತ್ತಗೆ ಮಾಡಿ ಹಾಸಿ. ತಗ್ಗು ಜಾಸ್ತಿ ಆದರೆ ಮೊಟ್ಟೆಗಳು ಒಂದರ ಮೇಲೊಂದು ಬೀಳುತ್ತವೆ. ಸಪಾಟಾದರೆ ಉರುಳಿ ಹೋಗುತ್ತವೆ. ಬರಿ ಸಿಮೆಂಟ್ ನೆಲದ ಮೇಲೆ ಹುಲ್ಲು ಹಾಸಿ ಕೂರಿಸುವವರು ಇದ್ದಾರೆ. ಚಳಿಗಾಲದ ರಾತ್ರಿ ಆ ನೆಲ ಮೊಟ್ಟೆಯ ಶಾಖ ಎಳೆದುಕೊಳ್ಳುತ್ತದೆ.

ಹುಲ್ಲಿನ ಕೆಳಗೆ ಒಂದು ಹಿಡಿ ಸೌದೆ ಬೂದಿ, ಒಂದಿಷ್ಟು ಬೇವಿನ ಸೊಪ್ಪು ಅಥವಾ ಲಕ್ಕಿ ಸೊಪ್ಪು ಹಾಕಿ. ಹೇನು ಕಮ್ಮಿಯಾಗಲಿ ಅಂತ. ಕಾವಿನ ಕಾಲದಲ್ಲಿ ಹೇನು ದೊಡ್ಡ ಶತ್ರು. ಕೋಳಿ ಮೂರು ವಾರ ಒಂದೇ ಜಾಗದಲ್ಲಿ ಕೂರುತ್ತದಲ್ವಾ, ಅವು ಹಬ್ಬ ಮಾಡುತ್ತವೆ. ತಡೆಯಲಾರದೆ ಕೋಳಿ ಎದ್ದು ಹೋದರೆ ಮೊಟ್ಟೆ ಎಲ್ಲ ಹೋಯಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಸುಲಭವಾಗಿ ಸಿಗುವುದರಿಂದ ಅದನ್ನೇ ಹಾಕೋಣ ಅನ್ನಿಸಬಹುದು. ಬೇಡ. ಅದರಲ್ಲಿರುವುದು ವಿಷ. ಮೊಟ್ಟೆಯ ಸಿಪ್ಪೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಒಳಗಿನ ಮರಿಗೆ ತೊಂದರೆ ಆಗಬಹುದು.

ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಗೂಡಿನಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುವ ಪದ್ಧತಿ ಇದೆ. ಗುಡುಗಿನಿಂದ ಮೊಟ್ಟೆ ಕೆಡುವುದಿಲ್ಲ. ಮಳೆಗಾಲದ ತೇವ, ಕೋಳಿ ಗಾಬರಿಯಿಂದ ಎದ್ದು ಹೋಗುವುದು, ಇದರಿಂದ ಕೆಡುತ್ತದೆ.

ಜಾಗ ಅರೆಗತ್ತಲಾಗಿರಲಿ, ಜನ ಓಡಾಡದ ಮೂಲೆಯಾಗಿರಲಿ. ಬೇರೆ ಕೋಳಿ ಬರದ ಹಾಗೆ ಒಂದು ಅಡ್ಡ ಇರಲಿ. ಕೊಟ್ಟಿಗೆಯ ಗೋಡೆ ಬುಡದಲ್ಲಿ ಹೆಗ್ಗಣದ ಬಿಲ ಇದೆಯಾ ನೋಡಿ. ಕಬ್ಬಿನ ಗದ್ದೆಯ ಪಕ್ಕದ ಮನೆಯಾದರೆ ಕೇರೆ ಹಾವೂ ನಾಗರಹಾವೂ ಮೊಟ್ಟೆಯ ವಾಸನೆಗೆ ಬರುತ್ತವೆ. ಅರ್ಧ ಇಂಚಿನ ವೆಲ್ಡ್ ಮೆಶ್‌ನ ಒಂದು ಪೆಟ್ಟಿಗೆ ಮಾಡಿಸಿ ಅದರೊಳಗೆ ಮಂಕರಿ ಇಟ್ಟರೆ ಒಂದು ಸಲದ ಖರ್ಚು, ಹತ್ತು ವರ್ಷ ನಿಶ್ಚಿಂತೆ. ಆರು ಮೂಲೆ ಕಣ್ಣಿನ ತೆಳು ತಂತಿ ಬಲೆ ಸಿಗುತ್ತದಲ್ಲ, ಅದು ಕೋಳಿಯನ್ನು ಒಳಗೆ ಇಡೋಕೆ ಸರಿ. ನಾಯಿಯನ್ನೂ ಹೆಗ್ಗಣವನ್ನೂ ಹೊರಗೆ ಇಡೋಕೆ ಅದು ಸಾಲದು.

ಕೂರಿಸುವ ರಾತ್ರಿ, ಆಮೇಲಿನ 21 ದಿನ

ಹೊಸ ಗೂಡಿಗೆ ಕೋಳಿಯನ್ನು ರಾತ್ರಿಯೇ ಸಾಗಿಸಿ. ಹಗಲಲ್ಲಿ ಎತ್ತಿಟ್ಟರೆ ಹಳೇ ಜಾಗಕ್ಕೇ ಓಡಿ ಹೋಗುತ್ತದೆ. ಕತ್ತಲಾದ ಮೇಲೆ, ಟಾರ್ಚ್ ಮುಖಕ್ಕೆ ಹಿಡಿಯದೆ, ಎರಡೂ ಕೈಯಲ್ಲಿ ಎತ್ತಿ ಮೊಟ್ಟೆಯ ಮೇಲೆ ಇಳಿಸಿ. ಅದಕ್ಕೆ ಮೊದಲು ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಹೇನು ಇದೆಯಾ ನೋಡಿ ಬೂದಿ ಉಜ್ಜಿ. ಎಲ್ಲ ಮೊಟ್ಟೆಯನ್ನೂ ಒಂದೇ ಸಲ ಇಡಬೇಕು. ಇವತ್ತು ಐದು, ನಾಳಿದ್ದು ಮೂರು ಅಂತ ಇಡಬಾರದು. ಕ್ಯಾಲೆಂಡರ್ ಮೇಲೆ ತಾರೀಕು ಬರೆದಿಡಿ.

ಆಮೇಲೆ ನಿಮಗೆ ಹೆಚ್ಚು ಕೆಲಸ ಇಲ್ಲ. ಕೋಳಿ ದಿನಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ ಏಳುತ್ತದೆ. ತಿಂದು, ಕುಡಿದು, ಮಣ್ಣಲ್ಲಿ ಹೊರಳಾಡಿ, ಒಂದು ದೊಡ್ಡ ನಾರುವ ಹಿಕ್ಕೆ ಹಾಕಿ ವಾಪಸ್ ಬರುತ್ತದೆ. ಹದಿನೈದು, ಇಪ್ಪತ್ತು ನಿಮಿಷ. ಅರ್ಧ ಗಂಟೆ ಆದರೂ ಗಾಬರಿ ಬೇಡ, ಅಷ್ಟಕ್ಕೆ ಮೊಟ್ಟೆ ಸಾಯುವುದಿಲ್ಲ. ಎರಡು ದಿನ ಏಳದೇ ಇದ್ದರೆ ಮಾತ್ರ ನೀವೇ ಎಬ್ಬಿಸಬೇಕು. ಎತ್ತುವಾಗ ರೆಕ್ಕೆಯ ಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ, ಅದನ್ನು ಬಿಡಿಸಿ ಎತ್ತಿ. ಗೂಡಿನಿಂದ ಎರಡು ಹೆಜ್ಜೆ ದೂರದಲ್ಲಿ ನೀರು, ಕಾಳು ಇಡಿ. ಗೂಡಿನ ಒಳಗೇ ಇಟ್ಟರೆ ಚೆಲ್ಲಿ ಒದ್ದೆಯಾಗುತ್ತದೆ, ಇರುವೆ ಬರುತ್ತವೆ. ಕಾವಿನ ಸಮಯದಲ್ಲಿ ಮುಸುಕಿನ ಜೋಳ, ರಾಗಿಯಂಥ ಗಟ್ಟಿ ಕಾಳೇ ಒಳ್ಳೆಯದು. ಅನ್ನ, ಸಾರು ಕೊಟ್ಟರೆ ಭೇದಿಯಾಗಿ ಮೊಟ್ಟೆ ಮೇಲೆಲ್ಲ ಗಲೀಜು.

ಒಂದು ಮೊಟ್ಟೆ ಒಡೆದರೆ ಬೇಗ ನೋಡಿಕೊಳ್ಳಿ. ಹುಲ್ಲು ಬದಲಿಸಿ, ಉಳಿದ ಮೊಟ್ಟೆಗೆ ಅಂಟಿದ್ದನ್ನು ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಹಾಗೇ ಬಿಟ್ಟರೆ ಕೋಳಿ ಮೊಟ್ಟೆ ತಿನ್ನುವುದನ್ನು ಕಲಿಯುತ್ತದೆ. ಕಲಿತ ಕೋಳಿಗೆ ಮದ್ದಿಲ್ಲ.

ಏಳನೇ ದಿನ ರಾತ್ರಿ ಮೊಟ್ಟೆ ಬೆಳಕಿಗೆ ಹಿಡಿದು ನೋಡಿ. ಮೊಬೈಲ್ ಟಾರ್ಚ್ ಸಾಕು. ರಟ್ಟಿನ ತುಂಡಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ತೂತು ಮಾಡಿ, ಟಾರ್ಚ್ ಮೇಲೆ ಇಟ್ಟು, ಮೊಟ್ಟೆಯ ದಪ್ಪ ತುದಿಯನ್ನು ಅದರ ಮೇಲೆ ಹಿಡಿಯಿರಿ. ಮರಿ ಇದ್ದರೆ ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತ ಹರಡಿದ ಕೆಂಪು ನರಗಳು ಕಾಣುತ್ತವೆ. ಏನೂ ಇಲ್ಲದೆ ತಿಳಿಯಾಗಿ ಬೆಳಗಿದರೆ ಗೊಡ್ಡು ಮೊಟ್ಟೆ. ನರಗಳಿಲ್ಲದೆ ಬರೀ ಒಂದು ಕೆಂಪು ಉಂಗುರ ಕಂಡರೆ ಒಳಗಿನ ಮರಿ ಶುರುವಿನಲ್ಲೇ ಸತ್ತಿದೆ. ಈ ಎರಡನ್ನೂ ತೆಗೆಯಿರಿ. ಅನುಮಾನ ಇದ್ದರೆ ಬಿಟ್ಟು ಹದಿನಾಲ್ಕನೇ ದಿನ ಮತ್ತೆ ನೋಡಿ. ಆಗ ಬದುಕಿರುವ ಮೊಟ್ಟೆ ದಪ್ಪ ತುದಿಯ ಗಾಳಿ ಜಾಗ ಬಿಟ್ಟು ಪೂರ್ತಿ ಕಪ್ಪಾಗಿ ಕಾಣುತ್ತದೆ. ವಾಸನೆ ಬರುವ ಮೊಟ್ಟೆಯನ್ನು ಮೆಲ್ಲಗೆ, ತುಂಬಾ ಮೆಲ್ಲಗೆ ಹೊರಗೆ ತೆಗೆದುಕೊಂಡು ಹೋಗಿ ಹೂತುಬಿಡಿ. ಕೈಯಲ್ಲೇ ಸಿಡಿದರೆ ಆ ವಾಸನೆ ಸೋಪಿಗೂ ಬಗ್ಗಲ್ಲ.

ಹದಿನೆಂಟನೇ ದಿನದಿಂದ ಮುಟ್ಟಲೇಬೇಡಿ. ಒಳಗೆ ಮರಿ ತಲೆಯನ್ನು ಗಾಳಿ ಇರುವ ಕಡೆ ತಿರುಗಿಸಿಕೊಳ್ಳುತ್ತಿರುತ್ತದೆ. ಬಿಸಿಲು ಜಾಸ್ತಿ ಇದ್ದು ಗಾಳಿ ಒಣಗಿದ್ದರೆ ಗೂಡಿನ ಸುತ್ತ ನೆಲಕ್ಕೆ ನೀರು ಚಿಮುಕಿಸಿ. ಮೊಟ್ಟೆಗಲ್ಲ, ನೆಲಕ್ಕೆ. ಒಳಗಿನ ಪೊರೆ ಒಣಗಿದರೆ ಮರಿಗೆ ಅದನ್ನು ಹರಿಯೋಕೆ ಆಗುವುದಿಲ್ಲ.

ಒಡೆಯುವ ದಿನ

ಇಪ್ಪತ್ತನೇ ದಿನ ಮೊಟ್ಟೆಯೊಳಗಿನಿಂದ ಚಿಂವ್ ಚಿಂವ್ ಕೇಳಿಸುತ್ತದೆ. ತಾಯಿ ಮೆಲುದನಿಯಲ್ಲಿ ಉತ್ತರ ಕೊಡುತ್ತದೆ. ಸಿಪ್ಪೆಯಲ್ಲಿ ಸಣ್ಣ ತೂತು ಬಿದ್ದ ಮೇಲೆ ಮರಿ ಪೂರ್ತಿ ಹೊರಬರೋಕೆ ಹನ್ನೆರಡು ಗಂಟೆಯೂ ಆಗಬಹುದು, ಒಂದು ದಿನವೂ ಆಗಬಹುದು. ಈ ಹೊತ್ತಲ್ಲಿ ಮರಿ ಹೊಟ್ಟೆಯೊಳಗೆ ಉಳಿದ ಹಳದಿಯನ್ನು ಎಳೆದುಕೊಳ್ಳುತ್ತಿರುತ್ತದೆ. ಸಿಪ್ಪೆಯ ಒಳಗಿನ ರಕ್ತನಾಳಗಳೂ ಇನ್ನೂ ಒಣಗಿರುವುದಿಲ್ಲ. ಪಾಪ, ಕಷ್ಟಪಡುತ್ತಿದೆ ಅಂತ ಸಿಪ್ಪೆ ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ.

ನೀವು ನೋಡಬೇಕಾದದ್ದು ಇರುವೆ. ಕೆಂಪು ಇರುವೆ ತೂತು ಬಿದ್ದ ಮೊಟ್ಟೆಗೆ ಮುತ್ತಿದರೆ ಮರಿ ಉಳಿಯಲ್ಲ. ಗೂಡಿನ ಸುತ್ತ ನೆಲದ ಮೇಲೆ ಬೂದಿಯ ಗೆರೆ ಹಾಕಿ. ಇನ್ನೂ ಒಳ್ಳೆಯದು ಅಂದರೆ ಮಂಕರಿಯನ್ನು ಹಲಗೆ ಮೇಲಿಟ್ಟು, ಹಲಗೆಯ ಕೆಳಗಿನ ಇಟ್ಟಿಗೆಗಳನ್ನು ನೀರಿನ ತಟ್ಟೆಗಳಲ್ಲಿ ಇಡುವುದು.

22ನೇ ದಿನದ ಸಂಜೆವರೆಗೆ ಕಾಯಿರಿ. ಆಮೇಲೂ ಶಬ್ದವಿಲ್ಲದ, ಅಲ್ಲಾಡದ ಮೊಟ್ಟೆಗಳನ್ನು ತೆಗೆಯಿರಿ. ಒಡೆದ ಸಿಪ್ಪೆಯನ್ನೂ ರಾತ್ರಿ ಹೊತ್ತು ತೆಗೆದುಬಿಡಿ. ಖಾಲಿ ಸಿಪ್ಪೆ ಬೇರೆ ಮೊಟ್ಟೆಗೆ ಟೋಪಿಯ ಹಾಗೆ ಕೂತುಬಿಟ್ಟರೆ ಒಳಗಿನ ಮರಿ ಹೊರಬರೋಕೆ ಆಗುವುದಿಲ್ಲ. ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು, ಹಳದಿಯ ಬಲ ಇರುತ್ತದೆ. ತಾಯಿ ತಾನಾಗಿ ಏಳಲಿ.

ಮೊದಲ ಎರಡು ವಾರ

ಅಸಲಿ ಕೆಲಸ ಇಲ್ಲಿಂದ ಶುರು. ತಾಯಿಯನ್ನೂ ಮರಿಗಳನ್ನೂ ಎರಡು ವಾರ ಹೊರಗೆ ಅಲೆದಾಡಲು ಬಿಡಬೇಡಿ. ಕೋಳಿ ಮೂರು ವಾರ ಉಪವಾಸ ಇದ್ದ ಹಾಗೆ ಇದ್ದದ್ದು, ಹಸಿದಿರುತ್ತದೆ. ಬಿಟ್ಟರೆ ಗದ್ದೆ ಬದು, ಚರಂಡಿ, ತಿಪ್ಪೆ ಅಂತ ಕಿಲೋಮೀಟರ್‌ಗಟ್ಟಲೆ ನಡೆಯುತ್ತದೆ. ಹಿಂದೆ ಓಡೋಕಾಗದ ಮರಿ ಉಳಿದುಹೋಗುತ್ತದೆ. ಮೊದಲ ವಾರ ಸಾಯುವ ಮರಿಗಳಲ್ಲಿ ಎಷ್ಟೋ ಮರಿಗಳು ರೋಗದಿಂದ ಸಾಯುವುದಲ್ಲ, ಸುಸ್ತು, ಚಳಿ, ಒದ್ದೆಯಿಂದ ಸಾಯುತ್ತವೆ.

ಹಳೇ ಪದ್ಧತಿ ಒಂದಿದೆ, ಅದೇ ಚೆಂದ. ಬಿದಿರಿನ ದೊಡ್ಡ ಪಂಜರವನ್ನು ನೆಲದ ಮೇಲೆ ಮುಚ್ಚಿ ತಾಯಿಯನ್ನು ಒಳಗೆ ಇಡುವುದು. ಪಂಜರದ ಕಣ್ಣುಗಳಿಂದ ಮರಿಗಳು ಹೊರಗೆ ಒಳಗೆ ಓಡಾಡುತ್ತವೆ, ಆದರೆ ತಾಯಿಯ ಕೂಗಿಗಿಂತ ದೂರ ಹೋಗುವುದಿಲ್ಲ. ಹದ್ದಿನ ನೆರಳು ಬಿದ್ದರೆ ತಾಯಿ ಒಂದು ಬೇರೆಯೇ ದನಿ ತೆಗೆಯುತ್ತದೆ, ಎಲ್ಲವೂ ಒಳಗೆ ನುಗ್ಗುತ್ತವೆ. ಪಂಜರ ಅಗಲವಾಗಿರಲಿ. ಕೋಳಿ ತುಳಿದು ಮರಿ ಸಾಯುತ್ತಾ ಅನ್ನೋ ಮಾತಿದೆಯಲ್ಲ, ಬಯಲಲ್ಲಿ ಅದು ನಿಜ. ಇಕ್ಕಟ್ಟಿನ ಪಂಜರದಲ್ಲಿ, ಒದ್ದೆ ನೆಲದಲ್ಲಿ ತುಳಿತಕ್ಕೆ ಮರಿ ಸಾಯುತ್ತದೆ. ಅಂಗಳದ ಮೇಲೆ ಹಳೇ ಮೀನಿನ ಬಲೆಯೋ ಸೀರೆಯೋ ಕಟ್ಟಿದರೆ ಹದ್ದು, ಕಾಗೆ ಎರಡೂ ತಪ್ಪುತ್ತವೆ. ಕಾಗೆಯನ್ನು ಹಗುರವಾಗಿ ನೋಡಬೇಡಿ, ಮೊದಲ ವಾರದ ಮರಿಗೆ ಹದ್ದಿಗಿಂತ ಅದರ ಕಾಟವೇ ಜಾಸ್ತಿ.

ಮೊದಲ ದಿನ ನೀರು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಣ್ಣ ಚೂರು ಬೆಲ್ಲ. ಮಂಡ್ಯದಲ್ಲಿ ಬೆಲ್ಲಕ್ಕೇನು ಬರವೇ? ಆದರೆ ಎರಡು ಮೂರು ಗಂಟೆ ಸಾಕು, ಆಮೇಲೆ ತೆಗೆದು ಬರೀ ನೀರಿಡಿ. ಹುಳಿ ಬಂದರೆ ಹೊಟ್ಟೆ ಕೆಡುತ್ತದೆ. ಪಾತ್ರೆ ಆಳ ಇರಬಾರದು. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ ನೀರು ಹಾಕಿದರೆ ಮರಿ ಮುಳುಗುವುದಿಲ್ಲ, ಎದೆ ಒದ್ದೆಯಾಗುವುದಿಲ್ಲ. ತೆಂಗಿನ ಚಿಪ್ಪೂ ಆಗುತ್ತದೆ, ಉರುಳದ ಹಾಗೆ ಮಣ್ಣಲ್ಲಿ ಸ್ವಲ್ಪ ಹೂತಿಡಬೇಕು.

ಮೇವು ಅಂದರೆ ಸ್ಟಾರ್ಟರ್ ಫೀಡ್, ಎಳೆ ಮರಿಗಳಿಗೆಂದೇ ತಯಾರಿಸಿ ಮಾರುವ ಮೇವು. ನುಚ್ಚಕ್ಕಿ ಹಾಕಿದರೆ ಸಾಕು ಅನ್ನುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ಮರಿಗೆ ಮೊದಲ ಆರು ವಾರ ನೂರಕ್ಕೆ 20ರಷ್ಟು ಪ್ರೋಟೀನ್ ಬೇಕು, ನುಚ್ಚಲ್ಲಿ ಅದರ ಅರ್ಧವೂ ಇಲ್ಲ. ಎಂಟು ಮರಿಗೆ ಆರು ವಾರಕ್ಕೆ ಸುಮಾರು ಆರೇಳು ಕೆ.ಜಿ. ಫೀಡ್ ಹಿಡಿಯುತ್ತದೆ. ಯುಗಾದಿಗೆ ಮಾರುವ ಒಂದು ಹುಂಜದ ದುಡ್ಡಲ್ಲಿ ಅದು ಬಂದುಬಿಡುತ್ತದೆ. ಮೊಟ್ಟೆ ಕೋಳಿಗೆ ಕೊಡುವ ಲೇಯರ್ ಫೀಡ್ ಮಾತ್ರ ಮರಿಗೆ ಹಾಕಬೇಡಿ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಯ ಮೂತ್ರಪಿಂಡ ಹಾಳಾಗುತ್ತದೆ. ತಾಯಿ ಮರಿಗಳ ಫೀಡ್ ತಿಂದರೆ ತೊಂದರೆ ಇಲ್ಲ, ಖರ್ಚಷ್ಟೇ. ಅದನ್ನು ತಪ್ಪಿಸೋಕೆ ಇನ್ನೊಂದು ಪಂಜರವನ್ನು ಇಟ್ಟಿಗೆ ಮೇಲೆ ಎತ್ತರಿಸಿ ಮುಚ್ಚಿ, ಅದರ ಅಡಿ ಫೀಡ್ ಇಡಿ. ಸಂದಿಯಲ್ಲಿ ಮರಿ ಮಾತ್ರ ನುಸುಳಬೇಕು.

ಫೀಡ್ ಜೊತೆಗೆ ಗೆದ್ದಲು ಕೊಡಿ, ಅದು ಖರ್ಚಿಲ್ಲದ ಪ್ರೋಟೀನ್. ಹಳೇ ಮಡಕೆಯಲ್ಲಿ ಒದ್ದೆ ಸಗಣಿ, ರಾಗಿ ಹುಲ್ಲು, ಹರಿದ ಗೋಣಿ ತುಂಬಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಿ. ಬೆಳಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿ. ತಾಯಿ ಒಂದೊಂದನ್ನೇ ಕೊಕ್ಕಲ್ಲಿ ಎತ್ತಿ ಬೀಳಿಸಿ ಮರಿಗಳನ್ನು ಕರೆಯುತ್ತದೆ. ತಿನ್ನೋದನ್ನು ಹೀಗೇ ಕಲಿಸುವುದು. ಕಡಲೆಕಾಯಿ ಹಿಂಡಿ ಕೊಡುವುದಾದರೆ ಬೂಷ್ಟು ಹಿಡಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬೂಷ್ಟಿನ ವಿಷಕ್ಕೆ ಮರಿಗಳ ಈಲಿ ಹೋಗುತ್ತದೆ.

ನೆಲ ಒಣಗಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಭತ್ತದ ಹೊಟ್ಟು ಎರಡು ಬೆರಳು ದಪ್ಪ ಹಾಸಿ, ಒದ್ದೆಯಾದ ಕಡೆ ಆಗಾಗ ತೆಗೆದು ಹೊಸದು ಹಾಕಿ. ಮೂರರಿಂದ ಆರು ವಾರದ ಮರಿಗಳಲ್ಲಿ ಬರುವ ರಕ್ತಭೇದಿ ಒದ್ದೆ ನೆಲದ ಕಾಯಿಲೆ. ಹಿಕ್ಕೆಯಲ್ಲಿ ರಕ್ತ, ಮರಿ ರೆಕ್ಕೆ ಇಳಿಬಿಟ್ಟು ಮುದುಡಿ ನಿಲ್ಲುವುದು ಕಂಡರೆ ಅವತ್ತೇ ಪಶು ಆಸ್ಪತ್ರೆಗೆ ಹೋಗಿ ನೀರಲ್ಲಿ ಕೊಡುವ ಔಷಧಿ ಕೇಳಿ ತನ್ನಿ. ನಾಳೆ ಅಂದರೆ ತಡ.

ರಾತ್ರಿ ಭದ್ರ ಮಾಡಲೇಬೇಕು. ಮುಂಗುಸಿ ಹಗಲಲ್ಲಿ ಬಂದರೆ, ಕಾಡುಬೆಕ್ಕು, ಹೆಗ್ಗಣ ರಾತ್ರಿ. ಕಬ್ಬು ಕಡಿಯುವ ಕಾಲದಲ್ಲಿ ಅಡಗಿದ್ದ ಪ್ರಾಣಿಗಳೆಲ್ಲ ಮನೆ ಕಡೆ ತಿರುಗುತ್ತವೆ, ಆಗ ಇನ್ನೂ ಹುಷಾರು. ಸೂರ್ಯ ಮುಳುಗುವ ಮೊದಲೇ ಎಣಿಸಿ ಒಳಗೆ ಹಾಕಿ.

ಲಸಿಕೆ

ನಾಟಿ ಕೋಳಿಗೆ ರೋಗ ಬರಲ್ಲ ಅನ್ನೋದು ಸುಳ್ಳು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಊರಿಗೆ ಊರೇ ಖಾಲಿ. ಹಸಿರು ಬಿಳಿ ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು. ಬಂದ ಮೇಲೆ ಔಷಧಿ ಇಲ್ಲ. ಬರುವ ಮೊದಲು ಲಸಿಕೆ ಇದೆ.

ಐದರಿಂದ ಏಳನೇ ದಿನದೊಳಗೆ ರಾಣಿಖೇತ್‌ನ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೇ ವಾರ ಅದೇ ಇನ್ನೊಂದು ಸಲ. ಆರೇಳು ವಾರಕ್ಕೆ ಸಿಡುಬಿನ ಲಸಿಕೆ. ಸಿಡುಬು ಸೊಳ್ಳೆಯಿಂದ ಹರಡುತ್ತದೆ, ಜುಟ್ಟು, ಕಣ್ಣಿನ ಸುತ್ತ ಗಂಟು ಗಂಟಾಗಿ ಮರಿಗೆ ಕಣ್ಣೇ ಕಾಣದೆ ಹಸಿದು ಸಾಯುತ್ತದೆ. ಗದ್ದೆ ನೀರು ನಿಂತ ನಾಲೆ ಬಯಲಿನ ಊರುಗಳಲ್ಲಿ ಇದನ್ನು ಬಿಡಬೇಡಿ. ಎಂಟನೇ ವಾರ ಆರ್‌ಟುಬಿ ಚುಚ್ಚುಮದ್ದು, ಅದೂ ರಾಣಿಖೇತ್‌ಗೇ, ತುಂಬಾ ದಿನ ಕಾಪಾಡುತ್ತದೆ. ಸುಮಾರು ಅದೇ ಹೊತ್ತಿಗೆ ಜಂತುಹುಳದ ಔಷಧಿ. ಗುಂಬೋರೋ ಅಂತ ಮರಿಗಳಿಗೆ ಬರುವ ಇನ್ನೊಂದು ಅಂಟುರೋಗ ಇದೆ, ಅದರ ಲಸಿಕೆ ಬೇಕಾ ಅಂತ ನಿಮ್ಮೂರಿನ ಪಶುವೈದ್ಯರನ್ನು ಕೇಳಿ.

ತೊಡಕು ಏನೆಂದರೆ, ಲಸಿಕೆಯ ಸೀಸೆ ನೂರು, ಇನ್ನೂರು ಕೋಳಿಗೆ ಆಗುವಷ್ಟು ಇರುತ್ತದೆ. ನಿಮ್ಮಲ್ಲಿರುವುದು ಎಂಟು ಮರಿ. ಒಮ್ಮೆ ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ಬಿಸಾಡಬೇಕು. ಅದಕ್ಕೆ ಬೀದಿಯವರೆಲ್ಲ ಸೇರಿಕೊಂಡು ಒಂದೇ ದಿನ ಹಾಕಿಸುವುದು ಒಳ್ಳೆಯದು. ಪಕ್ಕದ ಮನೆ ಕೋಳಿಗೂ ಹಾಕಿಸಿದರೆ ನಿಮ್ಮ ಕೋಳಿಗೇ ಲಾಭ. ಲಸಿಕೆಯನ್ನು ಐಸ್ ಹಾಕಿದ ಫ್ಲಾಸ್ಕ್‌ನಲ್ಲಿ ತನ್ನಿ. ಶರ್ಟ್ ಜೇಬಲ್ಲಿ ಇಟ್ಟುಕೊಂಡು ಮದ್ದೂರಿಂದ ಊರಿಗೆ ಬಸ್ಸಲ್ಲಿ ಬಂದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಆರೋಗ್ಯವಾಗಿರುವ ಮರಿಗೆ ಮಾತ್ರ ಹಾಕಿಸಿ, ಬೆಳಗ್ಗೆ ತಂಪು ಹೊತ್ತಲ್ಲಿ.

ಬೇಡವಾದಾಗ ಕಾವು ಬಿಡಿಸುವುದು

ಬೇಸಿಗೆಯಲ್ಲಿ ಕಾವಿಗೆ ಬಂದ ಹೇಟೆಯನ್ನು ಬಿಡಿಸಬೇಕಾಗುತ್ತದೆ. ನೀರಲ್ಲಿ ಮುಳುಗಿಸುವುದು, ಮೂಗಿನಲ್ಲಿ ಪುಕ್ಕ ತೂರಿಸುವುದು ಇವೆಲ್ಲ ಹಿಂಸೆ, ಬೇಕಾಗಿಯೂ ಇಲ್ಲ. ತಂತಿ ತಳದ ಗೂಡನ್ನು ಕಲ್ಲಿನ ಮೇಲೆ ಎತ್ತರಿಸಿ, ಹುಲ್ಲು ಹಾಕದೆ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ನೆರಳಲ್ಲಿ ಇಡಿ. ಹೊಟ್ಟೆಯ ಕೆಳಗೆ ಗಾಳಿ ಆಡಿದರೆ ಕಾವು ಇಳಿಯುತ್ತದೆ.

ಮೂರನೇ ವಾರದಿಂದ ಮುಂದೆ

ಮೂರನೇ ವಾರದಿಂದ ಬೆಳಗ್ಗೆ ಬಿಸಿಲು ಏರಿದ ಮೇಲೆ, ಹುಲ್ಲಿನ ಇಬ್ಬನಿ ಆರಿದ ಮೇಲೆ, ಒಂದೆರಡು ಗಂಟೆ ಬಿಡಿ. ದಿನ ದಿನಕ್ಕೆ ಹೆಚ್ಚಿಸಿ. ಆರನೇ ವಾರಕ್ಕೆ ಮರಿಗಳಿಗೆ ಪುಕ್ಕ ಪೂರ್ತಿ ಬಂದಿರುತ್ತದೆ, ತಾಯಿಯ ಶಾಖ ಬೇಕಾಗುವುದಿಲ್ಲ.

ಎರಡು ಹೇಟೆ ಒಂದೇ ಸಲ ಮರಿ ಮಾಡಿದ್ದರೆ, ಮೊದಲ ಎರಡು ದಿನದೊಳಗೆ ರಾತ್ರಿ ಹೊತ್ತು ಎಲ್ಲ ಮರಿಯನ್ನೂ ಒಂದರ ಕೆಳಗೇ ಸೇರಿಸಬಹುದು. ಹದಿನೈದು ಮರಿವರೆಗೆ ಒಂದು ತಾಯಿ ನೋಡಿಕೊಳ್ಳುತ್ತದೆ, ಚಳಿ ಜಾಸ್ತಿ ಇರಬಾರದು ಅಷ್ಟೇ. ಇನ್ನೊಂದು ಹೇಟೆ ಬೇಗ ಮೊಟ್ಟೆಗೆ ಮರಳುತ್ತದೆ.

ಎರಡು ತಿಂಗಳ ಹೊತ್ತಿಗೆ ತಾಯಿ ಮರಿಗಳನ್ನು ಕುಕ್ಕಿ ಓಡಿಸೋಕೆ ಶುರು ಮಾಡುತ್ತದೆ. ಅಷ್ಟು ದಿನ ಕಾಯದೆ ಆರು ವಾರಕ್ಕೇ ತಾಯಿಯನ್ನು ಬೇರೆ ಮಾಡಿದರೆ ಬೇಗ ಮೊಟ್ಟೆಗೆ ಬರುತ್ತದೆ, ವರ್ಷಕ್ಕೆ ಇನ್ನೊಂದು ಸಲ ಕಾವಿಗೆ ಕೂರಿಸಬಹುದು. ಬೇರೆ ಮಾಡುವಾಗ ತಾಯಿಯನ್ನು ಸಾಗಿಸಿ, ಮರಿಗಳನ್ನು ಅದೇ ಜಾಗದಲ್ಲಿ ಬಿಡಿ. ಒಂದೆರಡು ದಿನ ಕೂಗಾಡುತ್ತವೆ, ಆಮೇಲೆ ಸರಿಹೋಗುತ್ತವೆ.

ಮೂರು ತಿಂಗಳಿಗೆ ಹುಂಜ ಯಾವುದು, ಹೇಟೆ ಯಾವುದು ಅಂತ ಜುಟ್ಟಿನಲ್ಲೇ ಗೊತ್ತಾಗುತ್ತದೆ. ಹುಂಜಗಳನ್ನು ಹೊಸತೊಡಕಿಗೆ ಬಿಡಿ. ಚೆನ್ನಾಗಿ ಬೆಳೆದ ಹೇಟೆಗಳನ್ನು ಉಳಿಸಿಕೊಳ್ಳಿ, ಕಾವು ಕೂರುವ ಗುಣ ತಾಯಿಯಿಂದ ಅವಕ್ಕೂ ಬಂದಿರುತ್ತದೆ. ಆದರೆ ಅದೇ ಗುಂಪಿನ ಹುಂಜವನ್ನು ಆ ಹೇಟೆಗಳಿಗೆ ಜೋಡಿಯಾಗಿ ಇಟ್ಟುಕೊಳ್ಳಬೇಡಿ. ಅಣ್ಣ ತಂಗಿ ಸೇರಿದ ಮೊಟ್ಟೆಯಲ್ಲಿ ಮರಿಯಾಗುವುದು ಕಮ್ಮಿ, ಆದದ್ದೂ ಬಡಕಲು. ಕೆ.ಆರ್. ಪೇಟೆಯಲ್ಲೋ ನಂಜನಗೂಡಲ್ಲೋ ನೆಂಟರ ಮನೆಯಲ್ಲಿ ಒಳ್ಳೆ ಹುಂಜ ಇದ್ದರೆ ಅದಲು ಬದಲು ಮಾಡಿಕೊಳ್ಳಿ. ತಂದ ಹೊಸ ಹುಂಜವನ್ನು ಮಾತ್ರ ಎರಡು ವಾರ ಬೇರೆ ಕಟ್ಟಿ, ರೋಗ ಇಲ್ಲ ಅಂತ ಆದ ಮೇಲೆ ಗುಂಪಿಗೆ ಬಿಡಿ.